ಬೈಸಿಕೊಳ್ಳದೆ ಹೋದ ಮನುಷ್ಯ

ಮಾನ್ವಿಯ ಫ್ಲೆಕ್ಸ್ ಅಂಗಡಿಯವನಿಗೆ ನಾನು ಹೇಳಿದ್ದು ಇಷ್ಟೇ: ಫೋಟೊ ಹಾಕು, ಹೆಸರು ಹಾಕು, ಕೆಳಗೆ ಮೊದಲ ವರ್ಷದ ಪುಣ್ಯಸ್ಮರಣೆ ಎಂದು ಬರೆ, ಸಾಕು. ಅವನು ಕಂಪ್ಯೂಟರಿನಲ್ಲಿ ಹಳೆಯದೊಂದನ್ನು ತೆಗೆದು, ಯಾರದೋ ಮುಖ ಅಳಿಸಿ, ಅಲ್ಲಿ ನಮ್ಮ ಮನೆಯವರ ಮುಖ ಕೂಡಿಸಿದ. ಮೇಲಿದ್ದ ಸಾಲು ಹಾಗೇ ಉಳಿಯಿತು: ‘ಆದರ್ಶ ಪತಿ, ವಾತ್ಸಲ್ಯದ ತಂದೆ, ಸ್ನೇಹಜೀವಿ.’

“ಅದನ್ನ ತೆಗಿಯಪ್ಪಾ,” ಅಂದೆ.

“ಇರ್ಲಿ ಬಿಡ್ರಿ ಟೀಚರ್. ಎಲ್ಲಾರಿಗೂ ಅದನ್ನ ಹಾಕ್ತೀವಿ.”

ಮೈಯೆಲ್ಲ ಉರಿದುಹೋಯಿತು. ಆದರ್ಶ ಪತಿಯಂತೆ! ಆದರ್ಶ ಪತಿಯಾದವನು ಹೆಂಡತಿಗೆ ಒಂದು ಮಾತು ಹೇಳದೆ ರಾಯಚೂರಿನ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬರುತ್ತಾನೆಯೇ? ಇವತ್ತೇ ದಾಖಲಾಗು ಎಂದ ಡಾಕ್ಟರಿಗೆ ‘ಬರ್ತೀನ್ರಿ’ ಎಂದು ಹೇಳಿ, ಮನೆಗೆ ಬಂದು ರೊಟ್ಟಿ ಪುಂಡಿಪಲ್ಯ ಉಂಡು ಮಲಗುತ್ತಾನೆಯೇ? ಮೂರು ವಾರ ಹಾಗೆ ಉಂಡು ಮಲಗಿದ ಮೇಲೆ, ಒಂದು ಮುಂಜಾನೆ ಮಲ್ಲಟದಲ್ಲಿ ಯಾರದೋ ಹೊಲದ ಬಾವಿಯ ಹತ್ತಿರ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಕುಸಿದರು. ಆಸ್ಪತ್ರೆಯ ಸಂಗತಿ ಗೊತ್ತಾದಾಗಿನಿಂದ ನನಗಿದ್ದುದು ಒಂದೇ ಪ್ರಶ್ನೆ. ನನಗೇಕೆ ಹೇಳಲಿಲ್ಲ? ಉತ್ತರ ಗೊತ್ತಿದ್ದವನು ದೇವದುರ್ಗದ ಅವರ ಗೆಳೆಯ ಒಬ್ಬನೇ. ಅವನು ಬಾಯಿ ಬಿಡಲೊಲ್ಲ.

ಇವರದು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳನ್ನು ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾಟಿಯ ಹೊತ್ತಿನಲ್ಲಿ ಕರೆಂಟು ಏರಿಳಿದು ಮೋಟಾರು ಸುಟ್ಟರೆ ರೈತರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಬಾಗಿಲಲ್ಲೇ ಇಳಿಸುತ್ತಿದ್ದರು. ಇವರು ಮೊದಲು ಬಗ್ಗಿ ಮೂಸುತ್ತಿದ್ದರು. ನೀರಿಲ್ಲದೆ ಓಡಿ ಸುಟ್ಟಿದ್ದೋ, ಕರೆಂಟಿಗೆ ಸುಟ್ಟಿದ್ದೋ, ಮೂಸಿಯೇ ಹೇಳುತ್ತಿದ್ದರು. ಸುತ್ತು ಎಣಿಸುತ್ತ ಕೂತರೆ ಮುಗಿಯಿತು, ಯಾರೂ ಮಾತಾಡಿಸುವಂತಿಲ್ಲ. ನಾನು ಊಟದ ಡಬ್ಬಿ ಹಿಡಿದು ಎದುರು ನಿಂತರೂ ಅಂಗೈ ಎತ್ತಿ ತಡೆಯುತ್ತಿದ್ದರು. ಕಟ್ಟಿಕೊಂಡ ಹೆಂಡತಿಗೆ ಕೈ ಅಡ್ಡ! ಅಲ್ಲೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಬೈದು ಬರುತ್ತಿದ್ದೆ. ಇವರು ತುಟಿ ಅಲ್ಲಾಡಿಸುತ್ತ ಎಣಿಸುತ್ತಲೇ ಇರುತ್ತಿದ್ದರು.

ಮುಚ್ಚಿಡುವುದು ಅವರ ಹುಟ್ಟುಗುಣ. ಮಗಳ ಪಿಯುಸಿ ಪರೀಕ್ಷೆಯ ದಿನಗಳಲ್ಲಿ ರಾಯಚೂರಿನ ಕಾಲೇಜಿನ ಗೇಟಿನ ಎದುರು, ಆ ಬಿಸಿಲಿನಲ್ಲಿ, ಬೇವಿನ ಗಿಡದ ಕೆಳಗೆ ದಿನವಿಡೀ ಕೂತಿರುತ್ತಿದ್ದರಂತೆ. ಮನೆಗೆ ಬಂದು ನನಗೆ ಹೇಳಿದ್ದು, “ವೈರ್ ತರಾಕ ಹೋಗಿದ್ದೆ.” ಮಗಳಿಗೂ ಗೊತ್ತಿರಲಿಲ್ಲ. ಕೊನೆಯ ಪತ್ರಿಕೆಯ ದಿನ ಅವಳ ಗೆಳತಿ ನೋಡಿ ಹೇಳಿದಳು. “ಮಗಳ ಸಲುವಾಗಿ ಕುಂತೀನಿ ಅಂದ್ರ ನಾ ಏನ್ ನುಂಗ್ತಿದ್ನೇನ್ರೀ?” ಎಂದು ಕೇಳಿದೆ. ನಕ್ಕರು. ಆ ನಗು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಗೆಳೆಯ ಮೊದಲು ಅಂಗಡಿಗೆ ಬಂದದ್ದು ಮೋಟಾರು ಎತ್ತಿ ಇಳಿಸುವ ಹಮಾಲಿಗೆ. ದೇವದುರ್ಗದ ಊರಹೊರಗಿನ ಕೇರಿಯ ಕೂಲಿ ಮನೆತನದವನು. ಇವರೇ ಪಕ್ಕದಲ್ಲಿ ಕೂಡಿಸಿಕೊಂಡು ವಿದ್ಯೆ ಕಲಿಸಿದರು. ಆಮೇಲೆ ಅವನು ತನ್ನ ಊರಿನಲ್ಲಿ ಅಂಗಡಿ ಇಟ್ಟ. ಒಂದೇ ತಟ್ಟೆಯಲ್ಲಿ ಮಿರ್ಚಿ ಮಂಡಕ್ಕಿ ತಿಂದವರು. ನನಗೆ ಸುಳ್ಳು ಹೇಳುವುದಿದ್ದರೂ ಇಬ್ಬರೂ ಮಾತಾಡಿಕೊಂಡು ಒಂದೇ ಸುಳ್ಳು ಹೇಳುತ್ತಿದ್ದರು.

ಇವರನ್ನು ಮಲ್ಲಟದಿಂದ ಮನೆಗೆ ತಂದಾಗ ಹೆಂಗಸರೆಲ್ಲ ಸುತ್ತ ಕೂತರು. ನಮ್ಮ ಕಡೆ ಸುಮ್ಮನೆ ಅಳುವಂತಿಲ್ಲ. ಹೋದವರ ಗುಣಗಳನ್ನೆಲ್ಲ ಒಂದೊಂದಾಗಿ ಹೇಳಿ, ರಾಗ ಎಳೆದು, ಹಾಡ್ಯಾಡಿ ಅಳಬೇಕು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೈಗುಳ. “ಹಸಿದ ಹೊಟ್ಟೀಲೆ ಹೋಗ್ರಿ ಅಂತ ಯಾರ್ ಹೇಳಿದ್ರು? ಊರ ಮೋಟಾರ್ ಎಲ್ಲಾ ನಿಮ್ಮ ತಲಿಮ್ಯಾಲ ಅದಾವೇನ್ರೀ? ಏಳ್ರಿ ಮ್ಯಾಲ!” ಅತ್ತೆಯ ತಂಗಿ ನನ್ನ ತೊಡೆ ಚಿವುಟಿದರು. “ಬೈಬ್ಯಾಡಬೇ ಯವ್ವಾ, ಮಂದಿ ಕೇಳಾಕತ್ತಾರ. ಚೊಲೋ ಮಾತು ಹೇಳಿ ಅಳು.” ನನಗೆ ಬರುವುದು ಅದೊಂದೇ ಅಳು ಎಂದು ಯಾರಿಗೆ ಬಿಡಿಸಿ ಹೇಳಲಿ? ಸಂಜೆ ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಕೊಟ್ಟು ಬಂದರು.

ದಿನಗಳು ಕಳೆದ ಮೇಲೆ ಅಂಗಡಿಯ ಡ್ರಾವರ್ ತೆಗೆದಾಗ ಆಸ್ಪತ್ರೆಯ ಚೀಟಿ ಸಿಕ್ಕಿತು. ಇವರು ಹೋಗುವುದಕ್ಕೆ ಮೂರು ವಾರ ಮುಂಚಿನ ತಾರೀಖು, ಇವತ್ತೇ ದಾಖಲಾಗಬೇಕು ಎಂದು ಡಾಕ್ಟರು ಬರೆದಿದ್ದರು. ಜೊತೆಗೆ ಬಂದವರು ಎಂಬಲ್ಲಿ ‘ತಮ್ಮ’ ಎಂದು ಬರೆದು ಗೆಳೆಯ ಸಹಿ ಮಾಡಿದ್ದ. ಇವರಿಗೆ ತಮ್ಮಂದಿರೇ ಇಲ್ಲ. ಅಲ್ಲೇ ನಿಂತು ಫೋನ್ ಹಚ್ಚಿದೆ.

“ನಿನಗ ಗೊತ್ತಿತ್ತಾ?”

“ಗೊತ್ತಿತ್ತು ಯಕ್ಕಾ,” ಅಂದ.

“ಮತ್ತ ನನಗ್ಯಾಕ ಹೇಳಲಿಲ್ಲ?”

“ಆಣಿ ಹಾಕ್ಯಾನ. ಅದನ್ನೊಂದು ಕೇಳಬ್ಯಾಡ್ರಿ.”

ನನ್ನ ಹೊಸ್ತಿಲು ತುಳಿಯಬೇಡ ಎಂದು ಹೇಳಿ ಫೋನ್ ಇಟ್ಟೆ. ಅವನು ಪ್ರತಿ ಅಮಾವಾಸ್ಯೆಗೆ ದೇವದುರ್ಗದ ಬಸ್ಸು ಹತ್ತಿ ಬರುತ್ತಿದ್ದ. ಹೊಸ್ತಿಲು ತುಳಿಯದೆ ಕಟ್ಟೆಯ ಮೇಲೆ ಕೂತು, ಬಿಸಿಲು ಇಳಿದ ಮೇಲೆ ಎದ್ದು ಹೋಗುತ್ತಿದ್ದ. ನಾನು ಅವನಿಗೆ ಕೇಳಲೆಂದೇ ಬಾಗಿಲು ಧಡಾರನೆ ಹಾಕಿಕೊಳ್ಳುತ್ತಿದ್ದೆ. ಒಂದು ತಂಬಿಗೆ ನೀರು ಕೊಡಲಿಲ್ಲ. ತಪ್ಪು ಅನ್ನಿಸಲೂ ಇಲ್ಲ.

ಪುಣ್ಯಸ್ಮರಣೆಯ ದಿನವೂ ಬಂದ. ಉಂಡ ಮಂದಿಯೆಲ್ಲ ಫ್ಲೆಕ್ಸಿಗೆ ಕೈಮುಗಿದು, ಎಂಥಾ ಮನುಷ್ಯ ಎಂದು ಹೊಗಳಿ ಹೋದರು. ಅವನು ಕಟ್ಟೆ ಬಿಟ್ಟು ಏಳಲಿಲ್ಲ.

“ಯವ್ವಾ, ಕಾಕಾ ಮುಂಜಾನಿಯಿಂದ ಉಂಡಿಲ್ಲ,” ಅಂದಳು ಮಗಳು.

ಎಬ್ಬಿಸಿ ಕಳಿಸಿಬಿಡೋಣ ಎಂದೇ ಹೊರಗೆ ಹೋದೆ. “ಇವತ್ತ ಹೇಳಿದ್ರ ಹೇಳು. ಇಲ್ಲಾಂದ್ರ ಇನ್ನ ಈ ಕಡಿ ಮುಖ ಹಾಕಬ್ಯಾಡ.”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಆಸ್ಪತ್ರಿ ಮುಂದ ಕೊರಳಾಗಿನ ಲಿಂಗದ ಮ್ಯಾಲ ನನ್ನ ಕೈ ಇಟಗೊಂಡು ಆಣಿ ತಗೊಂಡ ಯಕ್ಕಾ. ನನ್ನಂಥವನ ಕೈ! ಜನ್ಮದಾಗ ಯಾರೂ ಅದನ್ನ ಮುಟ್ಟಾಕ ಕೊಟ್ಟಿದ್ದಿಲ್ಲ. ಹೆಂಗ ಮುರೀಲಿ? ನಾನಾಗಿ ಹೇಳ್ತೀನಿ, ನೀ ಹೇಳಬ್ಯಾಡ ಅಂದಿದ್ದ.”

“ಆಣಿ ಉಳಿಸ್ಕೊಂಡಿ. ಅವರನ್ನ ಕಳದಿ.”

“ಹೌದು,” ಅಂದ. “ಆ ಆಣಿ ಅವನ ಕೂಡ ಮಣ್ಣಿಗೆ ಹೋತು ಅಂತ ತಿಳಕೊಳ್ಳಾಕ ನನಗ ಒಂದು ವರ್ಷ ಬೇಕಾತು.”

“ಅವರ್ಯಾಕ ಹೇಳಲಿಲ್ಲ? ಅದನ್ನ ಹೇಳು.”

“ಹೇಳಬೇಕಂತನ ಇದ್ದ ಯಕ್ಕಾ. ದಿನಾ ಸಂಜಿಕ ಶಟರ್ ಎಳಿಯಾಕ ಮುಂಚೆ ನನಗ ಫೋನ್ ಹಚ್ಚತಿದ್ದ. ‘ಇವತ್ತ ಆಕೀಗೆ ಹೇಳ್ತೀನಲೇ. ಹೆಂಗ ಬೈತಾಳ, ಒಂದೀಟು ಬೈದು ತೋರ್ಸು’ ಅಂತಿದ್ದ. ನಾ ನಿಮ್ಮಂಗ ಬೈತಿದ್ದೆ.”

“ಹೆಂಗ ಬೈತಿದ್ದಿ?”

“ಬ್ಯಾಡ್ರಿ ಯಕ್ಕಾ.”

“ಬೈಯಿ ಅಂದ್ರ ಬೈಯಿ!”

ಅವನು ನೆಲ ನೋಡುತ್ತ ದನಿ ಎತ್ತಿದ. “ಏನ್ರೀ, ಎದಿ ನಿಮ್ಮೊಬ್ಬರದ ಏನ್ರೀ? ಮನ್ಯಾಗ ಹೆಣ್ತಿ ಅದಾಳೋ ಸತ್ತಾಳೋ ಅನ್ನೋದರ ಖಬರ್ ಅದ ಏನ್ರೀ? ನಾಚಿಕಿ ಮಾನ ಮರ್ಯಾದಿ ಒಂದರ ಅದ ಏನು?”

ಅಕ್ಷರಕ್ಷರವೂ ನಾನೇ. ಒಳಗೆ ಪಾತ್ರೆ ತಿಕ್ಕುತ್ತಿದ್ದ ಮಗಳು ಬಾಗಿಲಿಗೆ ಬಂದಳು.

“ಅದಕ್ಕ ಅವರೇನಂತಿದ್ರು?”

“ನಗತಿದ್ದ ಯಕ್ಕಾ. ‘ಸಾಕಲೇ, ಇವತ್ತಿಂದು ಆತು’ ಅಂತ ಇಟ್ಟಬಿಡತಿದ್ದ.”

ಇವತ್ತಿನದು ಆಯಿತಂತೆ! ನನ್ನಿಂದ ತಿನ್ನಬೇಕಾದ ಬೈಗುಳವನ್ನು ಇವನಿಂದ ತಿಂದು, ನನಗೆ ಹೇಳಿಯೇ ಬಿಟ್ಟವರಂತೆ ಹಗುರಾಗಿ ಮನೆಗೆ ಬಂದಿದ್ದಾರೆ. ಒಂದು ದಿನವಲ್ಲ, ಮೂರು ವಾರ. ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕೂತೆ.

“ನಾ ಅಷ್ಟಕ್ಕ ಬಿಡತಿದ್ನೇನೋ ತಮ್ಮಾ?” ಅಂದೆ. “ಬೈಕೋತ ಬೈಕೋತ ರಟ್ಟಿ ಹಿಡದು ರಾಯಚೂರ್ ಬಸ್ ಹತ್ತಸ್ತಿದ್ದೆ. ಬರೇ ಬೈಯೋದು ಕಲತಿ. ಬಸ್ ಹತ್ತಸೋದನ್ನ ಯಾಕ ಮಾಡ್ಲಿಲ್ಲ?”