ಯಾವುದಕ್ಕೆ ಫೇಮಸ್?

ನಮ್ಮಪ್ಪನಿಗೆ ಇಂಗ್ಲಿಷಿನಲ್ಲಿ ಇಷ್ಟವಾದ ಪದ ಒಂದೇ, ಫೇಮಸ್. ಅಂಗಡಿಯ ಬೋರ್ಡಿನ ಮೇಲೆ ಫೇಮಸ್ ಟೈಲರ್, ಬಟ್ಟೆ ಹಾಕಿಕೊಡುವ ಚೀಲದ ಮೇಲೂ ಅದೇ. ಅವನು ಮಾಡುತ್ತಿದ್ದುದು ಮಾತ್ರ ಅಳತೆ ತೆಗೆಯುವುದು, ಬಡಾಯಿ ಕೊಚ್ಚುವುದು. ಹೊಲಿಯುತ್ತಿದ್ದವಳು ಅತ್ತೆ, ಅಪ್ಪನ ತಂಗಿ. ಪರದೆಯ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಮಷೀನ್ ತುಳಿದು ತುಳಿದು ಅವಳ ಮೊಣಕಾಲು ಹಿಡಿದುಹೋಗಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಫೇಮಸ್ ಅಂದ್ರೆ ಏನೇ?" ಅಂತ ಒಮ್ಮೆ ಕೇಳಿದಳು.

"ತುಂಬಾ ಜನಕ್ಕೆ ಗೊತ್ತಿರೋರು ಅತ್ತೆ."

"ಸುಮ್‌ಸುಮ್ನೆ ಗೊತ್ತಿರ್ತಾರಾ? ಯಾವುದಕ್ಕೆ ಅಂತ ಒಂದು ಇರಬೇಡ್ವಾ?"

ಇತ್ತಲ್ಲ, ಅವಳ ಕಾಲರ್! ಜನ ಹುಡುಕಿಕೊಂಡು ಬರುತ್ತಿದ್ದುದೇ ಅದಕ್ಕೆ. ಕಾಲರಿನ ಒಂದು ತುದಿಯನ್ನು ಅವಳು ಹೊಲಿಯದೆ ಬಿಡುತ್ತಿದ್ದಳು. ಗಿರಾಕಿ ಬಂದು ಅಂಗಿ ತೊಟ್ಟು ನೋಡುವಾಗ ಪರದೆಯ ಸಂದಿಯಿಂದ ಅವನ ಕುತ್ತಿಗೆ ನೋಡಿ, ಆಮೇಲೆ ಅದನ್ನು ಮುಗಿಸುತ್ತಿದ್ದಳು. ಅಪ್ಪನಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಒಂದು ದಿನ ಪತ್ರಿಕೆಯವನೊಬ್ಬ ಫೇಮಸ್ ಟೈಲರನ ಬಗ್ಗೆ ಬರೆಯಲು ಬಂದ. ಅಪ್ಪ ಮೇಜಿನ ಮೇಲಿದ್ದ ಅಂಗಿ ಎತ್ತಿ ತೋರಿಸಿದ.

"ಈ ತುದಿ ಯಾಕೆ ಬಿಚ್ಚಿಕೊಂಡಿದೆ?"

"ಅದೇ ಸಾರ್ ನನ್ನ ಸ್ಟೈಲು!"

ಅತ್ತೆ ಪರದೆ ಸರಿಸಿ ಹೊರಗೆ ಬಂದಳು. "ಸ್ಟೈಲೂ ಇಲ್ಲ, ಏನೂ ಇಲ್ಲ ಅಣ್ಣಾ! ಅದಿನ್ನೂ ಮುಗಿದೇ ಇಲ್ಲ!"

ಪತ್ರಿಕೆಯವನು ಇವರು ಯಾರು ಅಂದ.

"ಇವಳಾ? ಗುಂಡಿ ಹಚ್ಚೋಳು ಸಾರ್."

ಒಡಹುಟ್ಟಿದ ತಂಗಿಯನ್ನು! ನಾಚಿಕೆ ಮಾನ ಮರ್ಯಾದೆ ಏನಾದರೂ ಬೇಡವೇ ಮನುಷ್ಯನಿಗೆ? ಅತ್ತೆ ಒಳಗೆ ಹೋಗಿ ಮತ್ತೆ ಮಷೀನ್ ತುಳಿಯತೊಡಗಿದಳು.

ಪತ್ರಿಕೆಯಲ್ಲಿ ಅಪ್ಪನ ಫೋಟೋ ಬಂತು, ಕೈಯಲ್ಲಿ ಅದೇ ಅಂಗಿ. ಅದನ್ನು ನೋಡಿದ ಪಡ್ಡೆ ಹುಡುಗರೆಲ್ಲ ತುದಿ ಬಿಚ್ಚಿದ ಕಾಲರೇ ಬೇಕು ಅಂತ ಅಂಗಡಿಗೆ ನುಗ್ಗಿದರು. ಅಪ್ಪ ಬಟ್ಟೆಯ ರಾಶಿಯನ್ನು ಅತ್ತೆಯ ಮುಂದೆ ಸುರಿದ.

"ಇನ್ಮೇಲೆ ಎಲ್ಲಾ ಕಾಲರೂ ಹಾಗೇ ಬಿಡು. ಮುಗಿಸ್ಬೇಡ."

ಅತ್ತೆ ಎದ್ದುನಿಂತಳು. "ಮಾಡದೇ ಇರೋ ಕೆಲಸಕ್ಕೆ ಹೆಸರು ತಗೊಳ್ಳೋದು ನಿನಗೆ ರೂಢಿಯಾಗಿದೆ. ಅರ್ಧಕ್ಕೆ ಬಿಟ್ಟು ಕೊಡೋ ಕೆಲಸ ನನ್ನ ಕೈಲಾಗಲ್ಲ. ನೀನೇ ಹೊಲ್ಕೋ." ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅಪ್ಪ ನನ್ನ ಕಡೆ ತಿರುಗಿ ದನಿ ಇಳಿಸಿದ.

"ನೀನು ಅತ್ತೆ ಹತ್ರ ಕಲ್ತಿದ್ದೀಯಲ್ಲಮ್ಮಾ? ಕೂತ್ಕೋ ಬಾ."

ಕಾಲರ್ ಇಡುವುದನ್ನು ಅತ್ತೆ ಕೈ ಹಿಡಿದು ಕಲಿಸಿದ್ದಳು. ಕಣ್ಣು ಮುಚ್ಚಿಕೊಂಡೂ ಹೊಲಿಯಬಲ್ಲೆ.

"ನನಗೆ ಗುಂಡಿ ಹಚ್ಚೋಕೆ ಮಾತ್ರ ಬರೋದು" ಅಂದೆ.