ಒಂದೇ ಮಗುವಿಗೆ ತೆರೆದ ಬಾಟಲಿ

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನವರನ್ನು ಸೇರಿಸಿ ಪುತ್ತೂರಿನ ದರ್ಬೆಯ ಒಂದು ಸಭಾಂಗಣದಲ್ಲಿ ಲಸಿಕೆಯ ಹೊಸ ನಿಯಮಗಳ ಬಗ್ಗೆ ತರಬೇತಿ ಇಟ್ಟಿದ್ದರು. ಮುಂದಿನ ಸಾಲುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸ್ವಂತ ಕ್ಲಿನಿಕ್ ಇಟ್ಟುಕೊಂಡ ಕೆಲವು ಡಾಕ್ಟರುಗಳು, ಅವರ ಹಿಂದೆ ಸಿಸ್ಟರುಗಳು, ಗೋಡೆಗೆ ತಾಗಿದ ಕೊನೆಯ ಸಾಲಿನಲ್ಲಿ ನನ್ನಂಥ ಡಾಟಾ ಎಂಟ್ರಿಯವರು. ಯಾವ ಮಗುವಿಗೆ ಯಾವ ಚುಚ್ಚುಮದ್ದು ಯಾವತ್ತು ಬಿತ್ತು ಎಂಬುದನ್ನು ಕಂಪ್ಯೂಟರಿಗೆ ತುಂಬಿಸುವುದು ನನ್ನ ಕೆಲಸ. ಸುಳ್ಯದ ಗುಡ್ಡದ ಬದಿಯ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಇದ್ದೆ. ಅದಕ್ಕೆ ಮೊದಲು ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಯಲ್ಲಿ ಕಳೆದಿದ್ದೆ. ಆ ಅಭ್ಯಾಸ ಒಂದು ಕಾಯಿಲೆ. ಯಾರಾದರೂ 'ಮಾಡಬೇಕು' ಎಂದ ಕೂಡಲೇ ನನ್ನ ಒಳಗಿನಿಂದ 'ಯಾಕೆ?' ಎಂದು ಯಾರೋ ಎದ್ದು ನಿಲ್ಲುತ್ತಾರೆ.

ಮೊದಲ ಒಂದು ಗಂಟೆ ಎದ್ದು ನಿಲ್ಲುವ ಸಂದರ್ಭ ಬರಲಿಲ್ಲ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆಗೆ ಪೋಲಿಯೊದ ಇನ್ನೊಂದು ಡೋಸು ಸೇರಿದೆ, ಅದು ಎಡಗೈಗೆ, ದಡಾರದ್ದು ಬಲಗೈಗೆ. ಸರಿ. ಕೆಲವು ಲಸಿಕೆಗಳ ಬಾಟಲಿಯನ್ನು ಒಮ್ಮೆ ತೆರೆದರೂ ಸರಿಯಾಗಿ ತಂಪಿನಲ್ಲಿಟ್ಟರೆ ಇಪ್ಪತ್ತೆಂಟು ದಿನ ಬಳಸಬಹುದು. ದಡಾರದ್ದು ಹಾಗಲ್ಲ, ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆ, ಆಮೇಲೆ ಉಳಿದದ್ದನ್ನು ಬಿಸಾಡಬೇಕು. ಅದೂ ಸರಿ. ಆದರೆ ಆಮೇಲೆ ಬಂತು: "ಒಂದೇ ಒಂದು ಮಗು ಬಂದರೂ ಬಾಟಲಿ ತೆರೆಯಬೇಕು. ಮಗುವನ್ನು ವಾಪಸ್ ಕಳಿಸಬಾರದು."

ನಾನು ಕೈ ಎತ್ತಿದೆ.

"ಸರ್, ಒಂದು ಬಾಟಲಿಯಲ್ಲಿ ಐದು ಮಕ್ಕಳಿಗಾಗುವಷ್ಟು ಉಂಟು. ಒಂದು ಮಗುವಿಗೆ ತೆರೆದರೆ ನಾಲ್ಕು ಮಕ್ಕಳದ್ದು ಕಸಕ್ಕೆ. ಮುಂದಿನ ಸಲ ಐವರನ್ನೂ ಸೇರಿಸಿ ಕೊಟ್ಟರೆ ಯಾರಿಗೂ ನಷ್ಟ ಇಲ್ಲ. ಜನರ ಸೊತ್ತನ್ನು ಚೆಲ್ಲಲಿಕ್ಕೆ ಸರಕಾರವೇ ಹೇಳುದಾ?"

ಹಾಲ್‌ನಲ್ಲಿ ಸಣ್ಣ ಗುಸುಗುಸು ಎದ್ದಿತು. ಸಿಸ್ಟರುಗಳ ಸಾಲಿನಲ್ಲಿ ಎರಡು ಮೂರು ತಲೆಗಳು ಹೌದು ಹೌದು ಎಂದು ಆಡಿದವು. ತರಬೇತಿ ಕೊಡುತ್ತಿದ್ದ ವೈದ್ಯರು ಸಿಟ್ಟು ಮಾಡಲಿಲ್ಲ. "ಚೆಲ್ಲಿದ ಡೋಸು ಎಷ್ಟು ಅಂತ ನಿಮ್ಮ ರಿಜಿಸ್ಟರಲ್ಲಿ ಉಂಟಲ್ಲ? ವಾಪಸ್ ಹೋದ ಮಕ್ಕಳೆಷ್ಟು ಅಂತ ಉಂಟಾ? ಇದ್ದರೆ ನನಗೂ ಕಳಿಸಿ, ನೋಡುವ," ಎಂದು ಮುಂದಿನ ವಿಷಯಕ್ಕೆ ಹೋದರು.

ಸ್ಪರ್ಧೆಯಲ್ಲಾಗಿದ್ದರೆ ಇದನ್ನು ವಿಷಯಾಂತರ ಎನ್ನುತ್ತಿದ್ದೆ. ಆದರೆ ಊರಿಗೆ ಮರಳುವ ಬಸ್ಸಿನಲ್ಲಿ ಕೂತಾಗ ಆ ಪ್ರಶ್ನೆ ಬಿಡಲಿಲ್ಲ. ಮರುದಿನವೇ ನಮ್ಮ ರಿಜಿಸ್ಟರುಗಳನ್ನೆಲ್ಲ ಎಳೆದು ಹಾಕಿದೆ. ಬಂದ ಮಕ್ಕಳ ಹೆಸರಿದೆ, ಬರಬೇಕಾದ ಮಕ್ಕಳ ಹೆಸರಿದೆ, ಖರ್ಚಾದ ಡೋಸು, ಬಿಸಾಡಿದ ಡೋಸು, ಐಸ್ ಪೆಟ್ಟಿಗೆ ಹೊರಟ ಸಮಯ, ತಲುಪಿದ ಸಮಯ ಎಲ್ಲ ಇದೆ. ಬಂದು, ಕೂತು, ಚುಚ್ಚಿಸಿಕೊಳ್ಳದೆ ಹೋದ ಮಗು ಎಲ್ಲಿಯೂ ಇಲ್ಲ. ಅದು ಬರಲೇ ಇಲ್ಲ ಎಂಬಂತೆ 'ಬಾಕಿ' ಎಂದು ಬಿದ್ದಿರುತ್ತದೆ. ಹಾಗಾದರೆ 'ಬಾಕಿ' ಇರುವವರಲ್ಲಿ ಬಾರದವರು ಯಾರು, ಬಂದವರು ಯಾರು? ಕಂಪ್ಯೂಟರಿನ ಮುಂದೆ ಕೂತು ತಿಳಿಯುವ ಸಂಗತಿ ಇದಲ್ಲ. ಮುಂದಿನ ಗುರುವಾರ, ಲಸಿಕೆಯ ದಿನ, ನಮ್ಮ ಕೇಂದ್ರದ ಸಿಸ್ಟರಿನ ಜೊತೆ ಗುತ್ತಿಗಾರಿನಿಂದಾಚೆ ಕಾಡಿನ ಅಂಚಿನಲ್ಲಿರುವ ಅಂಗನವಾಡಿಗೆ ನಾನೂ ಹೊರಟೆ.

ಈ ಸಿಸ್ಟರ್ ಆ ಗುಡ್ಡಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದವರು. ಮನೆಮಾತು ಅರೆಭಾಷೆ. ನಮ್ಮೊಡನೆ ಕನ್ನಡದಲ್ಲಿ ಮಾತಾಡಿದರೂ ಸಿಟ್ಟು ಬಂದರೆ ಮಾತ್ರ ಮನೆಮಾತಿಗೇ ಹೋಗುತ್ತಾರೆ. ದಾರಿಯಲ್ಲಿ ಕೇಳಿದೆ: ದಡಾರದ ಚುಚ್ಚುಮದ್ದಿಗೆ ಎಷ್ಟು ಮಕ್ಕಳು ಬಂದರೆ ಬಾಟಲಿ ತೆರೆಯುತ್ತೀರಿ?

"ನಾಲ್ಕಾದರೂ ಆಗ್ಬೇಕು. ಸರ್ವಿಸ್ ಜೀಪಿನ ಹಾಗೆ, ಸೀಟು ತುಂಬಿದ್ರೆ ಹೊರಡುದು."

ಆ ಕಡೆ ಸರ್ವಿಸ್ ಜೀಪಿನಲ್ಲಿ ಹೋದವರಿಗೆಲ್ಲ ಇದು ಗೊತ್ತು. ಸೀಟು ತುಂಬುವವರೆಗೆ ಚಾಲಕ ಬೀಡಿ ಸೇದುತ್ತಾ ನಿಲ್ಲುತ್ತಾನೆ. ಯಾರೂ ಗಲಾಟೆ ಮಾಡುವುದಿಲ್ಲ. ಖಾಲಿ ಸೀಟಿನಲ್ಲಿ ಜೀಪು ಗುಡ್ಡ ಹತ್ತುವುದು ನಮ್ಮವರ ಕಣ್ಣಿಗೆ ತಪ್ಪು. ಹಾಗಾಗಿ ಸಿಸ್ಟರಿನ ಮಾತು ನನಗೆ ವಿಚಿತ್ರ ಅನ್ನಿಸಲಿಲ್ಲ. ಅಷ್ಟಕ್ಕೂ ಪುತ್ತೂರಿನಲ್ಲಿ ನಾನು ವಾದಿಸಿದ್ದೂ ಇದನ್ನೇ ತಾನೇ?

ಅಂಗನವಾಡಿಗೆ ತಲುಪುವಾಗ ಒಂಬತ್ತೂವರೆ. ಹಿಂದಿನ ರಾತ್ರಿ ಆನೆ ಇಳಿದು ಎರಡು ಮನೆಯವರ ಬಾಳೆ ಮುರಿದು ಹಾಕಿದೆ, ಅದು ಇನ್ನೂ ಮೇಲಿನ ಹಾಡಿಯ ಮರಗಳ ನಡುವೆಯೇ ಇದೆ ಎಂದು ಆಶಾ ಕಾರ್ಯಕರ್ತೆ ಹೇಳಿದರು. ಒಂದೂವರೆ ತಿಂಗಳ ಎರಡು ಕೂಸುಗಳು ಬಂದು ಚುಚ್ಚಿಸಿಕೊಂಡು ಅತ್ತು ಹೋದವು. ಅವಕ್ಕೆ ಹಾಕಿದ್ದು ಇಪ್ಪತ್ತೆಂಟು ದಿನದ ಬಾಟಲಿಯದ್ದು, ಅಲ್ಲಿ ತಕರಾರಿಲ್ಲ. ದಡಾರದ ಪಟ್ಟಿಯಲ್ಲಿ ನಾಲ್ಕು ಹೆಸರಿತ್ತು. ಬಂದದ್ದು ಒಂದು.

ಆ ಒಂದು ಮಗುವನ್ನು ಎತ್ತಿಕೊಂಡು ಬಂದವಳು ರಬ್ಬರ್ ಟ್ಯಾಪಿಂಗ್ ಮಾಡುವ ಹೆಂಗಸು, ಗಡಿಯಾಚೆಯ ಮಲಯಾಳಿ. ಗಂಡ ಹೆಂಡತಿ ಇಬ್ಬರೂ ಗುಡ್ಡದ ಮೇಲಿನ ತೋಟದ ಶೆಡ್ಡಿನಲ್ಲಿ ಇದ್ದುಕೊಂಡು ಮರದ ತೊಗಟೆ ಕೊಯ್ದು ಹಾಲು ಇಳಿಸುತ್ತಾರೆ. ಮಗುವಿಗೆ ಹನ್ನೊಂದು ತಿಂಗಳು. ಆನೆ ಇರುವ ಹಾಡಿಯನ್ನು ಬಳಸಿಕೊಂಡೇ ಬಂದಿದ್ದಳು.

ಸಿಸ್ಟರ್ ಪಟ್ಟಿ ನೋಡಿದರು, ಬಾಗಿಲು ನೋಡಿದರು. "ಇವತ್ತು ಬೇರೆ ಯಾರೂ ಬರ್ಲಿಕ್ಕಿಲ್ಲ. ಮುಂದಿನ ತಿಂಗಳು ಬನ್ನಿ ಆಯ್ತಾ ಅಮ್ಮ."

"ಮುಂದಿನ ತಿಂಗಳು ನಾನು ಇಲ್ಲ ಸಿಸ್ಟರೇ," ಎಂದಳು ಆಕೆ. ರಬ್ಬರ್ ಎಲೆ ಉದುರುವ ಕಾಲ, ಕೊಯ್ಲು ನಿಂತಿದೆ, ಆದಿತ್ಯವಾರ ಊರಿಗೆ ಹೊರಡುತ್ತಾರೆ. ಅಲ್ಲಿ ಇರುವುದು ಅಣ್ಣನ ಮನೆಯಲ್ಲಿ. ಆ ಮನೆಯ ಪಕ್ಕದಲ್ಲೇ ಇಬ್ಬರು ಮಕ್ಕಳಿಗೆ ದಡಾರ ಎದ್ದಿದೆಯಂತೆ. ಅದಕ್ಕೇ ಹೋಗುವ ಮೊದಲು ಚುಚ್ಚಿಸಬೇಕು.

"ನಾಳೆ ಸುಳ್ಯಕ್ಕೆ ಹೋಗಿ ಹಾಕಿಸ್ಲಿಕ್ಕೆ ಆಗುದಿಲ್ವಾ?" ಎಂದರು ಸಿಸ್ಟರ್.

"ಅಲ್ಲಿಯೂ ಮಕ್ಕಳು ಸೇರ್ಬೇಕು ಅಂದ್ರೆ?"

ಅವಳ ಧ್ವನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ಮಕ್ಕಳು ಸೇರುವುದು ಲಸಿಕೆಯದ್ದೇ ಒಂದು ಗುಣ ಎಂದು ಅವಳು ತಿಳಿದುಕೊಂಡಿದ್ದಳು. ನಾನು ತಾಯಿ ಕಾರ್ಡ್ ಕೇಳಿ ತೆಗೆದು ನೋಡಿದೆ. ಮೂರೂವರೆ ತಿಂಗಳವರೆಗಿನ ಎಲ್ಲ ಚುಚ್ಚುಮದ್ದೂ ಹೇಳಿದ ವಾರಕ್ಕೇ ಬಿದ್ದಿದೆ. ದಡಾರದ ಚೌಕ ಮಾತ್ರ ಖಾಲಿ.

"ಇದಕ್ಕೆ ಮೊದಲು ಬರ್ಲಿಲ್ವಾ?" ಎಂದೆ.

"ಎರಡು ಸಲ ಬಂದೆ. ಒಂದು ಸಲ ನಾನು ಒಬ್ಬಳೇ. ಇನ್ನೊಂದು ಸಲ ನಾವು ಇಬ್ಬರು ಇದ್ದದ್ದು."

"ವಾಪಸ್ ಹೋದ ಮೇಲೂ ಮತ್ತೆ ಯಾಕೆ ಬಂದ್ರಿ?"

ಆಕೆ ನನ್ನನ್ನು ನೋಡಿದಳು. ಇದೆಂಥ ಪ್ರಶ್ನೆ ಎಂಬ ಹಾಗೆ. "ಬನ್ನಿ ಅಂದದ್ದು ನೀವೇ ಅಲ್ವಾ?"

ಹಾಗಾದರೆ ನನ್ನ ಕಂಪ್ಯೂಟರಿನಲ್ಲಿ ಎರಡು ತಿಂಗಳಿಂದ 'ಬಾಕಿ' ಎಂದು ಕೆಂಪಗೆ ಹೊಳೆಯುತ್ತಿದ್ದ ಹೆಸರುಗಳಲ್ಲಿ ಇವಳ ಮಗುವಿನದ್ದೂ ಒಂದು. ಆ ಕೆಂಪು ಬಣ್ಣ ನೋಡಿ ನಾನು ಎಷ್ಟು ಸಲ 'ಈ ಕೂಲಿಯವರಿಗೆ ಜವಾಬ್ದಾರಿಯೇ ಇಲ್ಲ' ಎಂದು ಪಕ್ಕದವರ ಹತ್ತಿರ ಹೇಳಿರಬಹುದು ಎಂದು ಲೆಕ್ಕ ಹಾಕಲು ಹೋಗಲಿಲ್ಲ.

"ಸಿಸ್ಟರ್, ತೆರೆಯುವ," ಎಂದೆ.

ಅವರು ಕಣ್ಣು ಅಗಲ ಮಾಡಿದರು. "ಅಬ್ಬ! ಪುತ್ತೂರಲ್ಲಿ ಅಷ್ಟು ಜನರ ಎದುರು ಎದ್ದು ನಿಂತು ನಾಲ್ಕು ಮಕ್ಕಳದ್ದು ಕಸಕ್ಕೆ ಅಂತ ಭಾಷಣ ಮಾಡಿದ್ದು ಯಾರು ಮಾರಾಯ್ತಿ? ನಿನ್ನ ಅಕ್ಕನಾ?"

"ನಾನೇ. ಅದು ತಪ್ಪು."

"ಒಂದು ವಾರದಲ್ಲಿ ತಪ್ಪಾಯ್ತಾ?"

"ಮುಂದಿನ ಸಲ ಕೊಟ್ಟರೆ ನಷ್ಟ ಇಲ್ಲ ಅಂದಿದ್ದೆ. ಈ ಮಗುವಿಗೆ ಮುಂದಿನ ಸಲ ಇಲ್ಲ. ಇವತ್ತು ಹಾಕಿದ್ರೂ ಮೈಯಲ್ಲಿ ಶಕ್ತಿ ಬರ್ಲಿಕ್ಕೆ ಕೆಲವು ದಿನ ಬೇಕು. ಇನ್ನೂ ತಡ ಮಾಡುದು ಯಾಕೆ?"

"ನಿನಗೆ ಹೇಳ್ಲಿಕ್ಕೆ ಸುಲಭ." ಅವರ ಧ್ವನಿ ತಗ್ಗಿತು. "ಹಿಂದೆ ಒಂದು ಮಗುವಿಗೆ ಅಂತ ತೆರೆದಿದ್ದೆ. ಆ ತಿಂಗಳ ಮೀಟಿಂಗಲ್ಲಿ ನನ್ನನ್ನು ಎದ್ದು ನಿಲ್ಲಿಸಿದ್ರು. ನಾಲ್ಕು ಡೋಸು ಯಾಕೆ ಚೆಲ್ಲಿದ್ರಿ ಅಂತ. ಚಿಕ್ಕ ಚಿಕ್ಕ ಹುಡುಗಿಯರೆಲ್ಲ ನೋಡ್ತಾ ಇದ್ರು. ಕಾಗದದಲ್ಲಿ ತೆರೆಯಿರಿ ಅಂತ ಉಂಟು. ಬಾಯಲ್ಲಿ ಯಾಕೆ ತೆರೆದ್ರಿ ಅಂತ ಉಂಟು. ನಾನು ಯಾವುದನ್ನು ಕೇಳ್ಬೇಕು?"

ನಾನು ರಿಜಿಸ್ಟರನ್ನು ನನ್ನ ಕಡೆ ಎಳೆದುಕೊಂಡೆ. "ರಿಜಿಸ್ಟರಲ್ಲಿ ನಾನು ಬರೆಯುತ್ತೇನೆ. ತೆರೆಯಲಿಕ್ಕೆ ಹೇಳಿದ್ದು ನಾನೇ ಅಂತ."

"ನೀನು ಯಾರು ಹೇಳ್ಲಿಕ್ಕೆ? ಡಾಟಾದವಳು!" ಎಂದರು. ಆಶಾ ಕಾರ್ಯಕರ್ತೆ ಸೆರಗು ಬಾಯಿಗೆ ಒತ್ತಿ ನಕ್ಕರು. ಡಾಕ್ಟರಿಗೆ ಫೋನ್ ಮಾಡೋಣವೆಂದರೆ ಅಂಗನವಾಡಿಯ ಒಳಗೆ ಸಿಗ್ನಲ್ ಇಲ್ಲ. ಹೊರಗೆ ಹೋಗಿ ಗುಡ್ಡದ ತಿರುವಿನಲ್ಲಿ ನಿಂತು ಮೂರು ಸಲ ಮಾಡಿದೆ. ಓಪಿಡಿಯ ಹೊತ್ತು, ಎತ್ತಲಿಲ್ಲ. ತಿರುಗಿ ಬರುವಾಗ ಸಿಸ್ಟರ್ ಕೇಳಿದರು: "ಪುತ್ತೂರಲ್ಲಿ ಕೊಟ್ಟ ಆ ಸುತ್ತೋಲೆ ಉಂಟಾ ನಿನ್ನ ಹತ್ತಿರ?"

ಮೊಬೈಲಿನಲ್ಲಿ ಇತ್ತು.

"ಓದು. ಜೋರಾಗಿ ಓದು." ಆಮೇಲೆ ಅಡುಗೆ ಕೋಣೆಯ ಕಡೆ ತಿರುಗಿ, "ಟೀಚರ್, ಸ್ವಲ್ಪ ಹೊರಗೆ ಬನ್ನಿ. ನೀವು ಸಹ ಕೇಳಿ," ಎಂದು ಅಂಗನವಾಡಿ ಶಿಕ್ಷಕಿಯನ್ನೂ ಕರೆದರು.

ಹೀಗೆ ನಾನು ಗೋಡೆಯ ಮೇಲಿನ ಅ ಆ ಇ ಈ ಚಿತ್ರಗಳ ಕೆಳಗೆ ನಿಂತು, ಶಿಕ್ಷಕಿ, ಆಶಾ ಕಾರ್ಯಕರ್ತೆ, ತಾಯಿ, ಮಗು ಇವರೆಲ್ಲರ ಎದುರು ಸರಕಾರದ ಸುತ್ತೋಲೆಯನ್ನು ವಿಷಯದಿಂದ ಹಿಡಿದು ಕೊನೆಯ ಸಹಿಯವರೆಗೆ ಓದಿದೆ. ಒಂದೇ ಫಲಾನುಭವಿ ಇದ್ದರೂ ತೆರೆಯತಕ್ಕದ್ದು ಎಂಬ ಸಾಲು ಬಂದಾಗ ಸಿಸ್ಟರ್ ಕೈ ಎತ್ತಿ, "ಅದನ್ನು ಇನ್ನೊಂದು ಸಲ," ಎಂದರು. ಓದಿದೆ. "ಕೇಳಿದ್ರಲ್ಲ ಎಲ್ಲರೂ?" ಎಂದರು. ಎಲ್ಲರೂ ಕೇಳಿದ್ದೇವೆ ಎಂದರು. ಮೂರು ಜನ ಸಾಕ್ಷಿ ಸೇರಿದ ಮೇಲೆ ಆ ಕಾಗದಕ್ಕೆ ಜೀವ ಬಂದಂತಾಯಿತು. ಅವರು ಐಸ್ ಪೆಟ್ಟಿಗೆ ತೆರೆದು, ಪುಡಿಯ ಬಾಟಲಿಗೆ ನೀರು ಬೆರೆಸಿ, ಅದರ ಮೇಲೆ ಹತ್ತು ನಲವತ್ತು ಎಂದು ಬರೆದರು.

ಮಗು ಬಲಗೈಗೂ ಅತ್ತಿತು, ಎಡಗೈಗೂ ಅತ್ತಿತು. ಅರ್ಧ ಗಂಟೆ ಕೂತಿರಿ ಎಂದು ಸಿಸ್ಟರ್ ತಾಯಿಗೆ ಹೇಳಿ, ಆಶಾ ಕಾರ್ಯಕರ್ತೆಯನ್ನು ಗುಡ್ಡದ ತಿರುವಿಗೆ ಓಡಿಸಿದರು: "ಉಳಿದ ಮೂವರಿಗೆ ಫೋನ್ ಮಾಡು. ಬಾಟ್ಲಿ ತೆರೆದಾಯ್ತು, ಎರಡು ನಲವತ್ತರ ಒಳಗೆ ಬರ್ಲಿ."

ಆನೆ ಇರುವಾಗ ಯಾರು ಬರುತ್ತಾರೆ ಎಂದುಕೊಂಡೆ. ಹನ್ನೊಂದೂವರೆಗೆ ಒಂದು ಬೈಕು ಬಂತು; ಅಜ್ಜ, ನಡುವೆ ಮಗು, ಹಿಂದೆ ಸೊಸೆ. ಹನ್ನೆರಡೂಕಾಲಿಗೆ ಒಂದು ರಿಕ್ಷಾದಲ್ಲಿ ಇನ್ನೊಂದು ಮಗು. ಮೂರನೆಯದು ಬರಲಿಲ್ಲ. ಬೆಳಿಗ್ಗೆ ಯಾಕೆ ಬರಲಿಲ್ಲ ಎಂದು ಅಜ್ಜನನ್ನು ಕೇಳಿದೆ. ಆನೆಯ ಕಾರಣವನ್ನೇ ನಿರೀಕ್ಷಿಸಿದ್ದೆ.

"ಆನೆಗೆ ಹೆದರಿ ಕೂತ್ರೆ ಇಲ್ಲಿ ಬದುಕ್ಲಿಕ್ಕೆ ಉಂಟಾ? ಇವತ್ತು ಮಕ್ಕಳು ಸೇರ್ಲಿಕ್ಕಿಲ್ಲ, ಬಾಟ್ಲಿ ತೆರೆಯುದಿಲ್ಲ ಅಂತ ಬರ್ಲಿಲ್ಲ. ಸುಮ್ನೆ ಬಂದು ಎಂತ ಮಾಡುದು?"

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಾವು ಮಕ್ಕಳು ಸೇರಲಿ ಎಂದು ಕಾಯುತ್ತಿದ್ದೆವು. ಅವರು ಬಾಟಲಿ ತೆರೆಯಲಿ ಎಂದು ಮನೆಯಲ್ಲಿ ಕಾಯುತ್ತಿದ್ದರು. ಇದು ಎಷ್ಟು ಊರುಗಳಲ್ಲಿ, ಎಷ್ಟು ವರ್ಷದಿಂದ ಹೀಗೆ ನಡೆಯುತ್ತಿದೆ? ಒಂದು ಗುರುವಾರದಿಂದ ಹೇಳಲು ಬರುವುದಿಲ್ಲ. ಇನ್ನೊಂದು ಅಂಗನವಾಡಿಯಲ್ಲಿ ಬಾಟಲಿ ತೆರೆದರೂ ಯಾರೂ ಬಾರದಿರಬಹುದು. ನೋಡಬೇಕು ಅನ್ನಿಸಿತು, ಅಷ್ಟೆ. ಎರಡು ನಲವತ್ತಕ್ಕೆ ಉಳಿದ ಎರಡು ಡೋಸನ್ನು ಸಿಸ್ಟರ್ ಬಿಸಾಡಲು ಬೇರೆ ಇಟ್ಟು, ಕಾರಣದ ಜಾಗದಲ್ಲಿ ಸುತ್ತೋಲೆಯ ನಂಬರನ್ನೇ ಬರೆದರು.

ಆ ತಿಂಗಳ ಮೀಟಿಂಗಿನಲ್ಲಿ ಯಾರೂ ಅವರನ್ನು ಎದ್ದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಏನು ಹೇಳಬೇಕೆಂದು ಮೂರು ದಿನ ಅಭ್ಯಾಸ ಮಾಡಿಕೊಂಡಿದ್ದರಂತೆ. ಹೇಳಲು ಆಗಲಿಲ್ಲ ಎಂದು ಸ್ವಲ್ಪ ಬೇಸರದಲ್ಲೇ ಇದ್ದರು.

ಮತ್ತೊಂದು ಗುರುವಾರ ಅದೇ ಅಂಗನವಾಡಿಯಿಂದ ಗುಡ್ಡದ ತಿರುವಿಗೆ ಬರುವಾಗ ಆಶಾ ಕಾರ್ಯಕರ್ತೆಯ ಫೋನ್ ಹೊಡೆದುಕೊಂಡಿತು. ಆ ಮಲಯಾಳಿ ತಾಯಿ. ಅಣ್ಣನ ಮಗುವಿಗೆ ದಡಾರ ಬಂತು, ಈಗ ಇಳಿದಿದೆ, ನಮ್ಮದಕ್ಕೆ ಬರಲಿಲ್ಲ, ಸಿಸ್ಟರಿಗೆ ಹೇಳಿ, ಎಂದಳಂತೆ.

"ನೋಡಿದ್ಯಾ?" ಎಂದರು ಸಿಸ್ಟರ್ ನನ್ನ ಕಡೆ ತಿರುಗಿ.

"ಒಂದು ಮಗುವಿನಿಂದ ಎಂತದ್ದೂ ಸಾಬೀತಾಗುದಿಲ್ಲ ಸಿಸ್ಟರ್. ಹಾಕದಿದ್ರೂ ಬಾರದೆ ಇರಬಹುದಿತ್ತು."

"ನಿನ್ನ ಸಾಬೀತು ಇಲ್ಲಿ ಯಾರಿಗೆ ಬೇಕು ಮಾರಾಯ್ತಿ? ಮಗು ಈಗ ಎಂತ ಮಾಡ್ತಾ ಉಂಟು, ಅದನ್ನು ಕೇಳು."

ಫೋನ್ ತೆಗೆದುಕೊಂಡು ಕೇಳಿದೆ. ಗೋಡೆ ಹಿಡಿದುಕೊಂಡು ನಡೆಯುತ್ತಿದೆ, ಕೈ ಬಿಟ್ಟರೆ ಬೀಳುತ್ತದೆ ಎಂದಳು.