ಎರಡೂ ಕೈಯಲ್ಲಿ ರೊಟ್ಟಿ ಹಿಡಿದಿದ್ದ ಮಲ್ಲಣ್ಣ

ಇವತ್ತು ಬೆಳಿಗ್ಗೆ ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಇಳಿದೆ. ಇಳಿದೆ ಎಂದರೆ ನೀವು ಸುಮ್ಮನೆ ಓದಿ ಮುಂದಕ್ಕೆ ಹೋಗುತ್ತೀರಿ. ನನ್ನ ಗಾತ್ರದವನಿಗೆ ಬಸ್ಸಿನಿಂದ ಇಳಿಯುವುದೂ ಒಂದು ಕೆಲಸ. ಮೊದಲು ಚೀಲ ಇಳಿಯಬೇಕು, ಆಮೇಲೆ ಎಡಗಾಲು, ಅಷ್ಟರಲ್ಲಿ ಹಿಂದಿನವರ ಬೈಗುಳ, ಕೊನೆಗೆ ನಾನು. ಹಾಗೆ ಇಳಿದು ಉಸಿರು ಬಿಡುತ್ತ ನಿಂತಿದ್ದಾಗ ಒಬ್ಬ ಮುದುಕಿ ಪಕ್ಕದಿಂದ ಹಾದುಹೋದಳು. ಎದೆಗೆ ಒತ್ತಿ ಹಿಡಿದಿದ್ದ ಬಿಳಿ ಬಟ್ಟೆಯ ಗಂಟಿನಿಂದ ಎಳ್ಳು ಹಚ್ಚಿ ಸುಟ್ಟ ಕಡಕ್ ರೊಟ್ಟಿಯ ವಾಸನೆ ಬಂತು. ಈ ವಾಸನೆಗೆ ನಮ್ಮ ಕಡೆಯವರಿಗೆ ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ನೆನಪಾಗಬೇಕು. ನನಗೆ ಮಲ್ಲಣ್ಣ ನೆನಪಾಗುತ್ತಾನೆ.

ಯಾವ ಮಲ್ಲಣ್ಣ ಎಂದು ಕೇಳುವ ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಆಳಂದದಲ್ಲಿ ಹುಟ್ಟಿದವನು, ಅಫಜಲಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ತಂಗಿಯನ್ನು ಜೇವರ್ಗಿಗೆ ಕೊಟ್ಟವನು. ಈ ಮೂರು ಊರುಗಳ ನಡುವೆ ಓಡಾಡುತ್ತಲೇ ಆಯುಷ್ಯದ ಬಹುಪಾಲು ಕಳೆದಿದೆ. ಮಾತು ಜಾಸ್ತಿ ಎಂಬುದು ನನ್ನ ಮೇಲಿರುವ ಹಳೆಯ ದೂರು. ಸಂಧಿ ಸಮಾಸ ಹೇಳಿಕೊಡಲು ನಿಂತವನು ಯಾರದೋ ಮದುವೆಯ ಊಟದ ವರ್ಣನೆಗೆ ಇಳಿದು ಗಂಟೆ ಹೊಡೆಸಿಕೊಂಡದ್ದುಂಟು. ಇನ್ನೊಂದು ದುರ್ಗುಣವೆಂದರೆ ಪೊಲೀಸರ ಭಯ. ಏನೂ ಮಾಡದೆ ಇದ್ದರೂ ಖಾಕಿ ಬಟ್ಟೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದೆ. ಇಂಥವನು ಪೊಲೀಸರ ವಿರುದ್ಧ ಸಾಕ್ಷಿ ಹೇಳಿದ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಈಗಲೂ ನಂಬುವುದಿಲ್ಲ.

ಕೆಲವು ವರ್ಷಗಳ ಹಿಂದೆ ತಂಗಿಯ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಚೊಚ್ಚಲ ಬಸುರಿ, ಸೋದರಮಾವನ ಕಡೆಯಿಂದ ರೊಟ್ಟಿ ಹೋಗಲೇಬೇಕು. ನನ್ನ ಹೆಂಡತಿ ಎರಡು ದಿನ ಒಲೆ ಮುಂದೆ ಕೂತು, ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿದು, ಗರಿಗರಿಯಾಗುವಂತೆ ಒಣಗಿಸಿ, ಧೋತರದ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. “ಒಂದು ರೊಟ್ಟಿ ಮುರದ್ರೂ ತಂಗಿ ಮನ್ಯಾಗs ಇದ್ದುಬಿಡ್ರಿ, ಹೊಳ್ಳಿ ಬರಬ್ಯಾಡ್ರಿ” ಎಂದಳು. ಅಫಜಲಪುರದಲ್ಲಿ ಬಸ್ಸು ತಪ್ಪಿತು. ಮಂದಿ ತುಂಬಿಕೊಂಡು ಹೋಗುವ ಜೀಪೊಂದನ್ನು ಹತ್ತಿದೆ. ರೊಟ್ಟಿ ಗಂಟು ತೊಡೆಯ ಮೇಲೆ. ನನ್ನ ಪಕ್ಕದಲ್ಲಿ ಕೂತವನೇ ಮಲ್ಲಣ್ಣ.

ಗೊಬ್ಬೂರಿನವನು. ಬೋರ್‌ವೆಲ್ಲಿನ ಮೋಟಾರು ಕೆಟ್ಟರೆ ಎತ್ತಿ ರಿಪೇರಿ ಮಾಡಿ ಮತ್ತೆ ಇಳಿಸುವುದು ಅವನ ಕೆಲಸ. ಜೇವರ್ಗಿ ಸಮೀಪದ ಒಂದು ತೋಟಕ್ಕೆ ಹೊರಟಿದ್ದ. ಕಾಲ ಬಳಿ ಕ್ಯಾನ್ವಾಸಿನ ಚೀಲ, ಅದರಲ್ಲಿ ವೈರು, ನಟ್ಟು ತಿರುಗಿಸುವ ಪಾನಾ, ಟೆಸ್ಟರು. ಮುಖದ ತುಂಬ ಗಡ್ಡ. ನನಗೆ ಗೊತ್ತಿಲ್ಲದವರನ್ನು ಮಾತಾಡಿಸದೆ ಇರಲಾಗುವುದಿಲ್ಲವಲ್ಲ, ಗಡ್ಡದ ಬಗ್ಗೆಯೇ ಕೇಳಿದೆ.

“ಹರಕಿ ಗಡ್ಡರಿ ಸರ” ಎಂದ. “ನಮ್ಮ ಮನ್ಯಾಕಿಗೆ ಆಪರೇಷನ್ ಆಗಿತ್ತು. ಆಕಿ ಆರಾಮಾದ್ರ ಶ್ರಾವಣದಾಗ ತೆಗಸ್ತೇನಿ ಅಂತ ಬೇಡ್ಕೊಂಡೇನಿ.”

“ಆರಾಮಾದ್ರೇನು?”

“ಭಾಳ ಆರಾಮ ಆಗ್ಯಾಳರಿ. ಈಗ ಗಡ್ಡ ನೋಡಿ ಬೈಲಾಕತ್ತಾಳ.”

ನಡುದಾರಿಯಲ್ಲಿ ಚಹಾದ ಅಂಗಡಿಯ ಮುಂದೆ ಜೀಪು ನಿಂತಿತು. ಮಲ್ಲಣ್ಣ ಹಗುರಾಗಿ ಜಿಗಿದ. ನನ್ನ ಇಳಿಯುವ ವೈಖರಿ ನಿಮಗೆ ಆಗಲೇ ಹೇಳಿದ್ದೇನೆ. ಅವನೇ ತಿರುಗಿ ಬಂದು, “ಗಂಟು ಕೊಡ್ರಿ ಸರ, ನೀವು ಸಾವಕಾಶ ಇಳೀರಿ” ಎಂದು ಎರಡೂ ಕೈ ಚಾಚಿದ. ನಾನು ಗಂಟನ್ನು ಅವನ ಅಂಗೈಗಳ ಮೇಲಿಟ್ಟು, “ಹುಷಾರಪ್ಪಾ, ಮುರದ್ರ ನನಗ ಮನಿ ಇಲ್ಲ” ಎಂದೆ. ಅವನು ನಕ್ಕ.

ನಾನು ಒಂದು ಕಾಲು ನೆಲಕ್ಕೆ ಊರಿದ್ದೆ. ಬಿಳಿಯ ಕಾರೊಂದು ಧೂಳೆಬ್ಬಿಸಿ ಬಂದು ನಿಂತಿತು. ಸಾದಾ ಬಟ್ಟೆಯ ನಾಲ್ಕು ಜನ ಇಳಿದರು. ಕೈಗಳಲ್ಲಿ ಪಿಸ್ತೂಲು. “ಹಾತ್ ಊಪರ್” ಎಂದು ಒಬ್ಬ ಕೂಗಿದ. ಯಾರಿಗೆ ಹೇಳುತ್ತಿದ್ದಾರೆಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ ಕೂಗಿದ. ಆಗ ಮಲ್ಲಣ್ಣನಿಗೆ ತನಗೇ ಎಂದು ತಿಳಿದಿರಬೇಕು. ಅವನು ಏನು ಮಾಡಿದ ಗೊತ್ತೇ? ಕೈ ಎತ್ತಬೇಕು, ಆದರೆ ಕೈಯಲ್ಲಿ ಇನ್ನೊಬ್ಬರ ರೊಟ್ಟಿ. ಗಂಟನ್ನು ನನಗೆ ಮರಳಿಸಲೆಂದು ನನ್ನ ಕಡೆ ಅರ್ಧ ತಿರುಗಿದ. ಅಷ್ಟಕ್ಕೇ ಗುಂಡು ಹಾರಿತು.

ಬಲ ಭುಜಕ್ಕೆ ಬಿತ್ತು. ಅವನು ಕುಸಿದು ಕೂತ. ರೊಟ್ಟಿ ಪುಡಿಯಾದ ಸದ್ದು ನನಗೆ ಕೇಳಿಸಿತು ಎಂದರೆ ನಂಬುತ್ತೀರೋ ಇಲ್ಲವೋ. ಅವನನ್ನೂ ಅವನ ಚೀಲವನ್ನೂ ಕಾರಿಗೆ ತುಂಬಿಕೊಂಡು ಹೋಗಿಬಿಟ್ಟರು. ಅವರು ಪೊಲೀಸರೆಂದು ನಮಗೆ ತಿಳಿದದ್ದು ಕಾರು ಹೋದ ಮೇಲೆ, ಅದೂ ಅಂಗಡಿಯವನ ಊಹೆಯಿಂದ.

ಸಂಜೆ ತಂಗಿಯ ಮನೆಯ ಟಿವಿಯಲ್ಲಿ ಮಲ್ಲಣ್ಣನ ಗಡ್ಡದ ಮುಖ ಬಂತು. ಭಯೋತ್ಪಾದಕನೊಬ್ಬ ಸ್ಫೋಟಕದ ಸಾಮಾನಿನೊಂದಿಗೆ ಜೀಪಿನಲ್ಲಿ ಬರುತ್ತಿದ್ದ, ಶರಣಾಗೆಂದರೆ ಪಿಸ್ತೂಲು ತೆಗೆದ, ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತು ಎಂದರು. ಸ್ಫೋಟಕದ ಸಾಮಾನೆಂದರೆ ಆ ವೈರು, ಆ ಟೆಸ್ಟರು. “ಅಣ್ಣಾ, ಇಂಥವನ ಬಾಜೂಕ ಕುಂತು ಬಂದಿಯಲ್ಲೋ” ಎಂದು ತಂಗಿ ನಡುಗಿದಳು. ನಾನೂ ನಡುಗುತ್ತಿದ್ದೆ, ಆದರೆ ಕಾರಣ ಬೇರೆ.

ಅವರು ಹುಡುಕುತ್ತಿದ್ದವನು ಕೆಲವೇ ದಿನಗಳಲ್ಲಿ ಬೇರೆ ರಾಜ್ಯದಲ್ಲಿ ಸಿಕ್ಕಿಬಿದ್ದ. ಅವನಿಗೂ ಗಡ್ಡವಿತ್ತು, ಹೋಲಿಕೆ ಅಷ್ಟೇ. ಇನ್ನೇನು, ತಪ್ಪಾಯಿತೆಂದು ಹೇಳಿ ಮಲ್ಲಣ್ಣನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ನನ್ನ ವಯಸ್ಸಿಗೆ ಇಷ್ಟೊಂದು ಮುಗ್ಧತೆ ಒಳ್ಳೆಯದಲ್ಲ. ಭಯೋತ್ಪಾದನೆಯ ಕೇಸು ಬಿಟ್ಟರು, ಆದರೆ ಪೊಲೀಸರ ಮೇಲೆ ಪಿಸ್ತೂಲು ಎತ್ತಿದನೆಂಬ ಕೇಸು ಹಾಗೆಯೇ ಉಳಿಯಿತು. ಅದು ಹೋದರೆ ಗುಂಡು ಹಾರಿಸಿದ್ದಕ್ಕೆ ಕಾರಣವೇ ಇರುವುದಿಲ್ಲವಲ್ಲ. ಇಲಾಖೆಯ ವಿಚಾರಣೆಯೂ ನಡೆದು ಗುಂಡು ಹಾರಿಸಿದ ಇನ್‌ಸ್ಪೆಕ್ಟರರದು ಆತ್ಮರಕ್ಷಣೆ ಎಂದೇ ತೀರ್ಮಾನವಾಯಿತು. ಚಹಾದ ಅಂಗಡಿಯ ಮುಂದೆ ನಿಂತಿದ್ದ ನಮ್ಮಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ.

ಜಾಮೀನಿನ ಮೇಲೆ ಅವನು ಊರಿಗೆ ಬಂದಿದ್ದಾನೆಂದು ತಿಳಿದು ಗೊಬ್ಬೂರಿಗೆ ಹೋದೆ. ಗಡ್ಡ ಆಸ್ಪತ್ರೆಯಲ್ಲೇ ಹೋಗಿತ್ತು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹೆಂಡತಿ ಶಾಂತಾಬಾಯಿ ಕಟ್ಟೆಯ ಮೇಲೆ ಅವನಿಗೆ ಅಂಗಿ ತೊಡಿಸುತ್ತಿದ್ದಳು. ಊರಿನ ಹಿರಿಯರೊಬ್ಬರು ಬಂದು ಕೂತಿದ್ದರು. “ಪಾಪ, ನಮ್ಮಂವ. ಆ ಮಂದ್ಯಾಗಿನಂವ ಅಂತ ತಿಳಕೊಂಡು ಹೊಡದಾರ ನೋಡ್ರಿ” ಎಂದು ನನಗೆ ವಿವರಿಸಿದರು.

ಮಲ್ಲಣ್ಣ ತಲೆ ಎತ್ತಿದ. “ಯಜಮಾನ್ರ, ಆ ಮಂದ್ಯಾಗಿನಂವ ಆಗಿದ್ರ ಹೊಡೀಬಹುದಿತ್ತೇನ್ರಿ? ರೊಟ್ಟಿ ಹಿಡಕೊಂಡು ನಿಂತಂವಗ?”

ಹಿರಿಯರು ಮಾತು ಬದಲಿಸಿದರು. ಅವರು ಬಂದದ್ದು ಬೇರೆ ಕೆಲಸಕ್ಕೆ. ಪೊಲೀಸ್ ಮೇಲಧಿಕಾರಿಗಳು ಹೇಳಿ ಕಳಿಸಿದ್ದರು: ಗಡಿಬಿಡಿಯಲ್ಲಿ ಆದ ಘಟನೆ, ಯಾರ ಮೇಲೂ ದೂರಿಲ್ಲ ಎಂದು ಮಲ್ಲಣ್ಣ ಸಹಿ ಮಾಡಿದರೆ ಕೇಸು ಹಿಂದಕ್ಕೆ ಪಡೆಯುತ್ತಾರೆ. ನನಗೆ, ನಿಜ ಹೇಳಬೇಕೆಂದರೆ, ಅದು ಒಳ್ಳೆಯ ಮಾತೆಂದೇ ಅನ್ನಿಸಿತು. ಬಡವನಿಗೆ ಕೋರ್ಟು ಯಾಕೆ? ಹಾಗೆಂದು ಬಾಯಿ ತೆರೆಯುವಷ್ಟರಲ್ಲಿ ಶಾಂತಾಬಾಯಿ ಗುಂಡಿ ಹಾಕುವುದನ್ನು ನಿಲ್ಲಿಸಿದಳು.

“ಕೇಸ್ ಹಿಂದಕ ತಗೋಂಡ್ರ ಮಾಫ್ ಮಾಡ್ಯಾರ ಅಂದಂಗಾತು. ಇವರೇನ್ ಮಾಡ್ಯಾರಂತ ಅವರು ಮಾಫ್ ಮಾಡ್ಬೇಕ್ರಿ? ಕೇಸ್ ನಡೀಲಿ. ಜಡ್ಜ್ ಸಾಹೇಬ್ರ ಮುಂದ ಎಲ್ಲಾರೂ ಬಂದು ಹೇಳ್ಲಿ.”

“ಸೋತ್ರ?” ಎಂದರು ಹಿರಿಯರು.

“ಸೋಲೂದಿಲ್ಲರಿ. ನೋಡಿದೋರು ಇಲ್ಲೇ ಕುಂತಾರಲ್ಲ” ಎಂದು ನನ್ನ ಕಡೆ ನೋಡಿದಳು.

ಅಷ್ಟು ನಿಶ್ಚಿಂತೆಯಿಂದ ನನ್ನ ಮೇಲೆ ಯಾರೂ ಭಾರ ಹಾಕಿರಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗಿದೆ: ನಿವೃತ್ತಿ ಹತ್ತಿರ ಬಂದಿದೆ, ಪೊಲೀಸರ ಉಸಾಬರಿ ಬೇಕೇ, ಜೀಪಿನಲ್ಲಿ ಬೇರೆಯವರೂ ಇದ್ದರಲ್ಲ. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. “ಆ ರೊಟ್ಟಿ ಬಡದಾಕಿ ನಾ. ನೀವು ಹೋಗಲಿಲ್ಲಂದ್ರ ಸಾಕ್ಷಿ ಹೇಳಾಕ ನಾ ಹೋಗ್ತೇನಿ” ಎಂದಳು. ಕೋರ್ಟಿನಲ್ಲಿ ಅವಳು ಏನೇನು ಹೇಳಬಹುದೆಂದು ಯೋಚಿಸಿದೆ. ನಾನೇ ಹೋಗುವುದು ಕ್ಷೇಮ ಎನಿಸಿತು.

ಸಾಕ್ಷಿ ಹೇಳುವ ದಿನ ಕಟಕಟೆಯಲ್ಲಿ ನಿಂತರೆ ಎದುರಿಗೇ ಖಾಕಿ ಬಟ್ಟೆ, ಆಚೆ ಬದಿಗೆ ಹೋಗಲು ರಸ್ತೆಯೂ ಇಲ್ಲ. ಹಾಗೆ ಹೆದರಿದಾಗ ನನಗೆ ಮಾತು ಇನ್ನೂ ಹೆಚ್ಚಾಗುತ್ತದೆ. ಆರೋಪಿಯ ಕೈಯಲ್ಲಿ ಪಿಸ್ತೂಲು ಇತ್ತೋ ಇಲ್ಲವೋ ಎಂದು ಕೇಳಿದರೆ ನಾನು ತಂಗಿಯ ಮಗಳ ಕುಬಸದಿಂದ ಶುರು ಮಾಡಿದೆ. ಸರ್ಕಾರಿ ವಕೀಲರು ಸಿಡುಕಿದರು. “ಸರ, ಪ್ರಬಂಧ ಬ್ಯಾಡ್ರಿ. ಹೌದು, ಇಲ್ಲ, ಅಷ್ಟs ಹೇಳ್ರಿ.”

ನ್ಯಾಯಾಧೀಶೆ ಕೈ ಎತ್ತಿ ಅವರನ್ನು ತಡೆದರು. “ಹೇಳಲಿ ಬಿಡಿ. ರೊಟ್ಟಿ ಗಂಟು ಯಾರ ಹತ್ತಿರ ಇತ್ತು?”

“ಮಲ್ಲಣ್ಣನ ಹತ್ರರಿ.”

“ಒಂದು ಕೈಯಲ್ಲೋ, ಎರಡು ಕೈಯಲ್ಲೋ?”

“ಕಡಕ್ ರೊಟ್ಟಿ ಒಂದು ಕೈಯಾಗ ಹಿಡಿಯಾಕ ಬರೂದಿಲ್ಲರಿ. ಮುರೀತಾವ. ಗುಂಡು ಬೀಳೂತನಕ ಅವನ ಎರಡೂ ಕೈಯಾಗ ನಮ್ಮ ಗಂಟೇ ಇತ್ತರಿ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶೆ ನಗಲಿಲ್ಲ, ಬರೆಸಿದರು. ಆಮೇಲೆ ಜೀಪಿನ ಚಾಲಕ ಬಂದು ಅದನ್ನೇ ಹೇಳಿದ, ಚಹಾದ ಅಂಗಡಿಯವನೂ ಹೇಳಿದ. ಒಬ್ಬ ಬಾಯಿ ಬಿಟ್ಟರೆ ಉಳಿದವರಿಗೆ ಧೈರ್ಯ ಬರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಮಲ್ಲಣ್ಣ ಖುಲಾಸೆಯಾದ. ಅಷ್ಟೇ ಅಲ್ಲ, ಗುಂಡು ಹಾರಿಸಿದ ಇನ್‌ಸ್ಪೆಕ್ಟರರ ಮೇಲೆ, ಇಲ್ಲದ ಪಿಸ್ತೂಲನ್ನು ಕಾಗದದಲ್ಲಿ ಹುಟ್ಟಿಸಿದ್ದಕ್ಕೂ ಸೇರಿಸಿ, ಕೇಸು ದಾಖಲಿಸಬೇಕೆಂದು ಆದೇಶವಾಯಿತು. ಆ ಎರಡನೆಯ ಕೇಸು ನಡೆದದ್ದು ಜೇವರ್ಗಿಯಲ್ಲಿ. ಅದರಲ್ಲೂ ಸಾಕ್ಷಿ ಹೇಳಿದೆ. ಆ ಸಲ ಖಾಕಿ ಬಟ್ಟೆಯವರ ಪಕ್ಕದಿಂದಲೇ ನಡೆದು ಹೋಗಿ ಕಟಕಟೆ ಹತ್ತಿದೆ.

ಇವತ್ತು ನನಗೆ ಕೋರ್ಟಿನಲ್ಲಿ ಕೆಲಸವಿರಲಿಲ್ಲ. ಸಾಕ್ಷಿಗಳೆಲ್ಲ ಮುಗಿದು ಆರೋಪಿಯನ್ನೇ ಕೇಳುವ ದಿನ. ಆದರೂ ಹೋದೆ. ವರಾಂಡದ ಬೆಂಚಿನಲ್ಲಿ ಮಲ್ಲಣ್ಣ, ಶಾಂತಾಬಾಯಿ ಕೂತಿದ್ದರು. ಭಾರ ಎತ್ತುವ ಕೆಲಸ ಬಿಟ್ಟು ಈಗ ಅವನು ಊರಲ್ಲೇ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ನಾನು ಕೂರುವಷ್ಟರಲ್ಲಿ ಆ ಇನ್‌ಸ್ಪೆಕ್ಟರು ಬಂದರು. ಅಮಾನತಾದಾಗಿನಿಂದ ಬಹಳ ಸೊರಗಿದ್ದಾರೆ. ನಮ್ಮೆದುರು ನಿಂತು ದನಿ ತಗ್ಗಿಸಿ, “ಮಲ್ಲಣ್ಣ, ಅವತ್ತು ನನ್ನಿಂದ ತಪ್ಪಾಯಿತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ” ಎಂದರು.

ನನ್ನ ಕಣ್ಣು ತೇವವಾದವು. ಇಷ್ಟು ವರ್ಷ ಕಾದ ಮಾತು ಬಂತಲ್ಲ ಎಂದುಕೊಂಡೆ. ಮಲ್ಲಣ್ಣ ಎದ್ದು ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಸಾಹೇಬ್ರ, ಇದನ್ನ ನನಗ ಹೇಳಬ್ಯಾಡ್ರಿ. ಒಳಗ ಹೇಳ್ರಿ.”

ಅವರು ಒಳಗೆ ಹೋದರು. ಹೆಸರು ಕೂಗಿದಾಗ ಕಟಕಟೆ ಹತ್ತಿದರು. ಪಂಚನಾಮೆಯಲ್ಲಿ ಪಿಸ್ತೂಲು ಇತ್ತೆಂದು ಬರೆದಿದ್ದೀರಿ, ಏನು ಹೇಳುತ್ತೀರಿ ಎಂದು ನ್ಯಾಯಾಧೀಶರು ಕೇಳಿದರು. ಅವರ ವಕೀಲರು ಅರ್ಧ ಎದ್ದರು. ಇನ್‌ಸ್ಪೆಕ್ಟರು ಅವರ ಕಡೆ ನೋಡಲಿಲ್ಲ.

“ಇರಲಿಲ್ಲ ಸ್ವಾಮಿ. ಅವರ ಕೈಯಲ್ಲಿ ಪಿಸ್ತೂಲು ಇರಲಿಲ್ಲ. ಆಮೇಲೆ ನಾವೇ ಬರೆದದ್ದು.”

ತೀರ್ಪು ಇನ್ನೂ ಬರಬೇಕು. ಏನು ಬರುತ್ತದೆಂದು ನನಗೆ ಸಂಶಯವಿಲ್ಲ. ಬಂದ ಮೇಲೆ ಮೇಲಿನ ಕೋರ್ಟಿಗೆ ಹೋಗುತ್ತಾರೆ, ಹೋಗಲಿ, ಅಲ್ಲಿಗೂ ನಾವು ಹೋಗುತ್ತೇವೆ. ಹೊರಗೆ ಬಂದು ಮೂವರೂ ಚಹಾ ಕುಡಿದೆವು. ಲೋಟ ಕೆಳಗಿಟ್ಟು ಶಾಂತಾಬಾಯಿ ಕೇಳಿದಳು.

“ಸರ, ಅವರು ಒಳಗ ‘ಅವರ ಕೈಯಲ್ಲಿ’ ಅಂದ್ರಲ್ಲರಿ? ‘ಅವನ’ ಅನ್ನಲಿಲ್ಲಲ್ಲ?”

“ಇಲ್ಲಮ್ಮ. ‘ಅವರ’ ಅಂತ ಅಂದ್ರು.”

“ನನಗೂ ಹಂಗs ಕೇಳಿಸ್ತು” ಎಂದು ಅವಳು ಗಂಡನ ಕಡೆ ನೋಡಿದಳು.